ಏಳದ ಪ್ರೋಟೀನು

ನೀಲಿಯಾಗಬೇಕಿದ್ದ ಬ್ಯಾಕ್ಟೀರಿಯಾ ಪ್ಲೇಟು ಬಿಳಿಯಾಗಿತ್ತು, ಬಿಳಿಯಾಗಿರಬೇಕಿದ್ದದ್ದು ನೀಲಿ. ಸಂಶೋಧಕಿಯ ಎದೆ ಹೊಡೆದುಕೊಂಡ ಸದ್ದಿಗೆ ಕಪಾಟಿನ ಸೀಸೆಗಳೆಲ್ಲ ಗಲಗಲ ಅಲುಗಿದವು. ಸುಳ್ಳೆನಿಸಿದರೆ ಸೀಸೆಗಳನ್ನೇ ಕೇಳಿ. ಗಂಟೆ ಹತ್ತೂಮುಕ್ಕಾಲು. ಹನ್ನೊಂದಕ್ಕೆ ಮೇಷ್ಟ್ರು ಇಡೀ ವಿಭಾಗದೆದುರು ಅವಳ ಸಾಧನೆ ಸಾರಲಿದ್ದರು.

ಸಾಧನೆ ಸಣ್ಣದೇನಲ್ಲ. ಬ್ಯಾಕ್ಟೀರಿಯಾದ ಡಿಎನ್‌ಎ ಮೇಲೆ ಒಂದು ಪ್ರೋಟೀನು ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದವರಂತೆ ಕೂತಿರುತ್ತದೆ. ಹಾಲಿನ ಸಕ್ಕರೆ ಅರಗಿಸುವ ಜೀನನ್ನು ಜೀವಕೋಶಕ್ಕೆ ಓದಗೊಡುವುದಿಲ್ಲ. ಆ ಸಕ್ಕರೆ ಬಂತೋ, ತಟಕ್ಕನೆ ಏಳುತ್ತದೆ. ಜೀನು ಕೆಲಸಕ್ಕಿಳಿದು, ಪ್ಲೇಟಿಗೆ ಬೆರೆಸಿದ ಬಣ್ಣದ ಪುಡಿಯಿಂದ ಬ್ಯಾಕ್ಟೀರಿಯಾಗಳು, ಲ್ಯಾಬಿನವರ ಬಾಯಲ್ಲಿ ಹುಳಗಳು, ನೀಲಿಯಾಗುತ್ತವೆ. ಇವಳು ಆ ಪ್ರೋಟೀನನ್ನು ತಿದ್ದಿ, ಸಾವಿರ ಮೂಟೆ ಸಕ್ಕರೆ ಸುರಿದರೂ ಏಳದಂತೆ ಮಾಡಿದ್ದಳು. ಮೂರು ವರ್ಷದ ಹೆಣಗಾಟದ ನಂತರ, ಮೂರು ವಾರದಿಂದ ಅವಳ ಹುಳಗಳು ಬೆಳ್ಳಗೇ ಉಳಿದಿದ್ದವು.

ಹುಳಗಳಿಗೆ ಆಹಾರ ಬೇಯಿಸಿ ಪ್ಲೇಟಿಗೆ ಸುರಿಯುವ ಅಕ್ಕನ ಬಳಿ ಓಡಿ ಎರಡೂ ಪ್ಲೇಟುಗಳನ್ನು ಮೇಜಿನ ಮೇಲಿಟ್ಟಳು.

"ಅಕ್ಕಾ, ಏನು ಹಾಕಿದ್ರಿ ಇದಕ್ಕೆ?"

"ಎಂದಿನದೇ ಕಣೇ, ಹಾಲಿನ ಸಕ್ಕರೆ, ಬಣ್ಣದ ಪುಡಿ. ನಿನ್ನ ರಾಶಿಗೆ ಮಾತ್ರ ಜೊತೆಗೊಂದು ಚಮಚ ಗ್ಲೂಕೋಸ್. ಹುಳ ಬಡಕಲು ಅಂತ ಗೋಳಾಡ್ತಿದ್ಯಲ್ಲ, ನೋಡಕ್ಕಾಗ್ಲಿಲ್ಲ."

"ಯಾವಾಗಿಂದ?"

"ಮೂರು ವಾರ ಆಯ್ತು. ಹೇಗೆ ಮೈ ತುಂಬಿಕೊಂಡಿವೆ ನೋಡು!"

ಗ್ಲೂಕೋಸ್ ಸಿಕ್ಕ ಹುಳ ಹಾಲಿನ ಸಕ್ಕರೆಯನ್ನು ಮೂಸಿಯೂ ನೋಡುವುದಿಲ್ಲ. ಪ್ರೋಟೀನು ತಿದ್ದಿದರೂ ಬಿಳಿ, ತಿದ್ದದಿದ್ದರೂ ಬಿಳಿ. ಹೋಲಿಕೆಗೆಂದು ಸಾಮಾನ್ಯ ಹುಳಗಳನ್ನು ಇಷ್ಟು ದಿನ ಗ್ಲೂಕೋಸಿಲ್ಲದ ಹಳೆಯ ಪ್ಲೇಟುಗಳಲ್ಲಿ ಬೆಳೆಸಿದ್ದಳು, ಅದಕ್ಕೇ ಅವು ನೀಲಿ. ನಿನ್ನೆ ಹಳೆಯದು ಒಂದೇ ಉಳಿದಿತ್ತು. ಅವಸರದಲ್ಲಿ ತಿದ್ದಿದ ಹುಳಗಳನ್ನು ಅದರಲ್ಲಿ ಬಿಟ್ಟು, ಸಾಮಾನ್ಯದ್ದನ್ನು ಹೊಸದರಲ್ಲಿ ಬಿಟ್ಟಿದ್ದಳು. ಅವಳ ಹಟಮಾರಿ ಪ್ರೋಟೀನು ಹಾಲಿನ ಸಕ್ಕರೆ ಕಂಡದ್ದೇ ಒಳ್ಳೆಯ ಮಗುವಿನಂತೆ ಎದ್ದು ಹೋಗಿತ್ತು!

"ಇನ್ನೂ ಇಲ್ಲೇ ಇದೀಯೇನಮ್ಮಾ? ಹಾಲ್ ತುಂಬಿ ತುಳುಕ್ತಿದೆ!" ಹೊಸ ಕೋಟಿನ ಮೇಷ್ಟ್ರು ನುಗ್ಗಿ ಬಂದರು. ಮೇಜಿನ ಮೇಲಿನ ಎರಡು ಪ್ಲೇಟಿನತ್ತ ಬಗ್ಗಿ ಮುಖವರಳಿಸಿದರು. "ಆಹಾ! ಸಾಮಾನ್ಯದ್ದು ನೀಲಿ, ನಮ್ಮದು ಬಿಳಿ. ಎಂಥ ಮಬ್ಬನಿಗೂ ಅರ್ಥ ಆಗುತ್ತೆ. ನಡಿ, ನಡಿ."

ಎರಡನ್ನೂ ಟ್ರೇಯಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಯಾವ ಪ್ಲೇಟಿನಲ್ಲಿ ಯಾವ ಹುಳ ಎಂದು ಬರೆಯುವುದು ತಳದಲ್ಲಿ. ಮೇಲಿನಿಂದ ನೋಡಿದರೆ ಬ್ರಹ್ಮನಿಗೂ ತಿಳಿಯದು. ಅವಳು ಸುಮ್ಮನಿದ್ದರೆ ಸಾಕಿತ್ತು. ಮೇಷ್ಟ್ರು ಬಾಗಿಲು ದಾಟಿದರು. ಸಭಾಂಗಣದಲ್ಲಿ ಆಗಲೇ ಚಪ್ಪಾಳೆ.

"ಸಾರ್," ಎಂದಳು, ಹಿಂದೆಯೇ ಓಡಿ ಟ್ರೇ ಹಿಡಿದು, "ಒಂದ್ಸಲ ಮಗುಚಿ ನೋಡಿ."