ಗೋದಾಬಾಯಿಯ ಬಜ್ಜಿ

ತಿಂಡಿ ಡೆಲಿವರಿಗೆ ಬಂದ ಭೀಮೇಶ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ನಾರಾಯಣಗೂಡದ ಆ ಮನೆಯ ಮುಂಬಾಗಿಲು ತೆರೆಯಿತು. ಅವನು ರಾಯಚೂರಿನವನೆಂದು ತಿಳಿದು, ಆರ್ಡರ್ ಮಾಡಿದ್ದ ಗೋದಾಬಾಯಿ ಫೋನಿನಲ್ಲಿ ಕನ್ನಡದಲ್ಲೇ ಪಿಸುಗುಟ್ಟಿದ್ದರು: “ಬೆಲ್ ಹೊಡೀಬ್ಯಾಡಪಾ, ಹಿತ್ತಲ ಬಾಗಲಿಗೆ ಬಾ. ಚಾತುರ್ಮಾಸದಾಗ ಉಳ್ಳಾಗಡ್ಡಿ ಮನಿಯೊಳಗ ಬರಬಾರದಂತ ನಾನೇ ಸೊಸಿಗೆ ತಾಕೀತು ಮಾಡೇನಿ.” ಈಗ ಎದುರಿಗೆ ನಿಂತಿದ್ದವಳು ಆ ಸೊಸೆ ನಳಿನಿಯೇ. ಬ್ಯಾಗಿನ ಜಿಪ್ ಹಾಕಿದ್ದರೂ ಈರುಳ್ಳಿ ಬಜ್ಜಿಯ ವಾಸನೆ ಹೊರಬರುತ್ತಿತ್ತು.

ಯಾರಿಗೆ ಎಂದು ಅವಳು ತೆಲುಗಿನಲ್ಲಿ ಕೇಳಿದಳು. ಗಾಬರಿಗೆ ಅವನ ಬಾಯಲ್ಲಿ ಕನ್ನಡವೇ ಬಂತು. “ಮ್ಯಾಲಿನ ಮನಿಗ್ರಿ.”

“ಮ್ಯಾಲೆ ಎಲ್ಲಿ ಮನೀರಿ? ಬರೇ ನೀರಿನ ಟಾಕಿ ಅದ.”

ಮುದುಕಿಯ ಮಾನ ತನ್ನ ಕೈಯಿಂದಲೇ ಹೋಗುತ್ತದೆಂದು ಭೀಮೇಶ ಹೆಲ್ಮೆಟ್ಟಿನೊಳಗೇ ಬೆವರಿದ. “ಅಡ್ರೆಸ್ ತಪ್ಪೈತ್ರಿ” ಎಂದು ಗಾಡಿ ತಿರುಗಿಸಿದ.

ನಳಿನಿ ಒಳಗೊಮ್ಮೆ ಇಣುಕಿ ನೋಡಿ, ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದು ಬಂದಳು. “ಖಾರ ಕಡಿಮಿ ಹಾಕ್ಯಾರಿಲ್ಲೋ?” ಎಂದು ಮೆಲ್ಲಗೆ ಕೇಳಿದಳು. “ಅತ್ತಿಯವರಿಗೆ ಹೊಟ್ಟಿ ಉರೀತದ.”

ಕಡಿಮೆಯೇ ಎಂದು ಅವನು ತಲೆಯಾಡಿಸಿದ.

“ಹಂಗಾದ್ರ ಆರೋದರೊಳಗ ಹಿತ್ತಲಿಗೆ ಒಯ್ದು ಕೊಡ್ರಿ. ನಾ ಟಿವಿ ಜೋರ್ ಮಾಡಿ ಪಡಸಾಲ್ಯಾಗ ಕೂಡತೀನಿ.”