ಬೇರೆ ಬೆಂಚು

ರೊಟ್ಟಿ ಬಡಿಯುತ್ತಿದ್ದ ತಾಯಿ, ಮಗಳು ಮತ್ತೆ ತಲೆ ಕೆರೆದುಕೊಳ್ಳುವುದನ್ನು ಕಂಡು ಹಿಟ್ಟಿನ ಕೈ ತೊಳೆದು ಎದ್ದಳು. ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿ ಹೇನು ತೆಗೆಯುವ ಸೀರಣಿಗೆಯಿಂದ ಬಾಚಿದಳು. ಬಿಳಿ ಬಟ್ಟೆಯ ಮೇಲೆ ಮೂರು ಹೇನು ಬಿದ್ದವು.

“ವಾರದಾಗ ಇದು ಮೂರನೇ ಸಲ! ಎಲ್ಲಾ ಸಾಲ್ಯಾಗ ನಿನ್ನ ಬಾಜೂಕ ಕುಂಡ್ರೋ ಆ ಕಸ್ತೂರಿ ತಲಿಯಿಂದ ಬಂದಾವ. ಅಕಿನ್ನ ಬ್ಯಾರೆ ಬೆಂಚಿಗೆ ಕುಂಡ್ರಸಾಕ ಇವತ್ತ ಟೀಚರಿಗೆ ಹೇಳ್ತೀನಿ.”

“ಅಕಿ ನನ್ನ ಗೆಳತಿ, ಅವ್ವಾ. ನಿನ್ನೆ ಬುದ್ಧ ವಿಹಾರದಾಗ ಭಂತೇಜಿ ಹೇಳಿದ್ರಲ್ಲ, ನಾನು ಬ್ಯಾರೆ ಅಲ್ಲ, ನೀನು ಬ್ಯಾರೆ ಅಲ್ಲ ಅಂತ. ನೀನೂ ಹೂಂ ಅಂದಿ.”

“ಅದು ಧ್ಯಾನಕ್ಕ ಕುಂತಾಗಿನ ಮಾತು. ಹೇನಿಗಲ್ಲ. ಸುಮ್ನ ತಲಿ ಬಗ್ಗಸು.”

ಮಗಳ ಕಣ್ಣೀರು ಬಟ್ಟೆಯ ಮೇಲೆ ಬಿತ್ತು. ತಾಯಿ ಬಾಚುವುದನ್ನು ನಿಲ್ಲಿಸಿ ಸೆರಗಿನಿಂದ ಅವಳ ಕೆನ್ನೆ ಒರೆಸಿದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದು ಸಿಟ್ಟು ಮತ್ತೆ ಏರಿತು.

“ಹೇನು ಇದ್ದೋರ ಬಾಜೂಕ ಯಾರೂ ಇರಬಾರ್ದು. ಅಷ್ಟ!” ಎನ್ನುತ್ತಲೇ ಆಕೆ ಅದೇ ಸೀರಣಿಗೆಯ ತುದಿಯಿಂದ ತನ್ನ ತುರುಬಿನ ಕೆಳಗೆ ಪರಪರನೆ ಕೆರೆದುಕೊಂಡಳು.

ಮಗಳು ತಿರುಗಿ ನೋಡಿದಳು.

“ಹಂಗಾರ ಅವ್ವಾ, ಇವತ್ತಿಂದ ನಾ ನಿನ್ನ ಬಾಜೂಕ ಮಲಗಬಾರ್ದೇನು?”