ಹುಷಾರಿಲ್ಲದ ತಾತ

“ಅತ್ತೆ, ‘ಸತ್ತಿದ್ದಾರೆ’ ಅನ್ನೋದಕ್ಕೆ ನಮ್ಮ ಮಾತಲ್ಲಿ ಏನಂತ ಹಾಕ್ಲಿ?” ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳಿದಳು ಡೆಬೊರಾ. ಊರಿನ ಆಸ್ಪತ್ರೆಯ ವೆಬ್‌ಸೈಟು ಇಂಡೋನೇಷ್ಯನ್ ಭಾಷೆಯಲ್ಲಷ್ಟೇ ಇತ್ತು. ಅದಕ್ಕೆ ತಮ್ಮ ತೊರಾಜ ಭಾಷೆ ಸೇರಿಸುವ ಕೆಲಸ ಅವಳದು.

ಅತ್ತೆ ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದಳು. “ಮೆಲ್ಲಗೆ ಮಾತಾಡೆ, ಅಪ್ಪಂಗೆ ಕೇಳಿಸುತ್ತೆ. ಕೋಣ ಕಡಿದು ಕಳಿಸಿಕೊಡೋ ತನಕ ಯಾರೂ ಸತ್ತಿರಲ್ಲ, ಹುಷಾರಿಲ್ಲ ಅಷ್ಟೆ. ಮಕಾಸ್ಸರ್‌ಗೆ ಹೋಗಿ ಓದಿದ್ದೇ ಬಂತು, ಇದನ್ನೂ ಮರೆತುಬಿಟ್ಯಾ?” ಕಳೆದ ಸುಗ್ಗಿಯಲ್ಲಿ ಉಸಿರು ನಿಂತಾಗಿನಿಂದ ತಾತ ಆ ಕೋಣೆಯಲ್ಲೇ ಮಲಗಿದ್ದರು. ತಲೆದೆಸೆಯಲ್ಲಿ ಅವರ ಫೋನು, ಅತ್ತೆ ಬೆಳಿಗ್ಗೆ ಇಟ್ಟುಬಂದ ಕಾಫಿ.

ಡೆಬೊರಾ ನಗುತ್ತಲೇ ಸತ್ತವರನ್ನೆಲ್ಲ ತೊರಾಜ ಪುಟದಲ್ಲಿ ಹುಷಾರಿಲ್ಲದವರ ಪಟ್ಟಿಗೆ ಸೇರಿಸಿದಳು. ಒಳಗೆ ತಾತನ ಫೋನು ಟಿಣ್ ಎಂದಿತು. ಹುಷಾರಿಲ್ಲದವರಿಗೆ ವೆಬ್‌ಸೈಟು ತಾನಾಗಿಯೇ ಕಳಿಸುವ ಪ್ರಶ್ನೆ ಅದು: ಹೇಗಿದ್ದೀರಿ, ಏನಾದರೂ ಬೇಕೇ?

“ಕೇಳಿದ್ರೆ ತಪ್ಪೇನಿಲ್ಲ ಬಿಡು,” ಎಂದಳು ಅತ್ತೆ. “ನಾನೂ ದಿನಾ ಕೇಳ್ತೀನಿ. ಮುಂಚೆ ಆಸ್ಪತ್ರೆಯವರು ಇಂಡೋನೇಷ್ಯನ್‌ನಲ್ಲಿ ಕೇಳ್ತಿದ್ರಲ್ಲ, ಅದು ಅಪ್ಪಂಗೆ ಓದೋಕೆ ಬರಲ್ಲ. ಅದಕ್ಕೇ ಒಂದು ಸಲಾನೂ ಉತ್ತರ ಕೊಡಲಿಲ್ಲ.”

ಲ್ಯಾಪ್‌ಟಾಪಿನಲ್ಲಿ ತಾತನ ಹೆಸರಿನ ಕೆಳಗೆ ಅಕ್ಷರಗಳು ನಿಧಾನವಾಗಿ, ತಡವರಿಸಿಕೊಂಡು ಮೂಡತೊಡಗಿದವು. ತೊರಾಜ ಭಾಷೆ. ‘ಕಾಫಿ ಆರಿಹೋಗಿದೆ.’

ಅತ್ತೆ ಡೆಬೊರಾಳ ಹೆಗಲ ಮೇಲಿಂದ ಬಗ್ಗಿ ಓದಿದಳು, ಉಟ್ಟ ಲುಂಗಿಗೆ ಕೈ ಒರೆಸಿಕೊಂಡಳು, ಹೋಗಿ ಒಲೆ ಹಚ್ಚಿದಳು.